ಅಳತೆ ಪುಸ್ತಕದಲ್ಲಿ ನನ್ನ ಪುಟ

ಕಾಲಿಗೆ ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಕೆಳಗೆ ಬಿದ್ದಿದ್ದ ಯಾರದೋ ಕೆನೆಬಣ್ಣದ ರವಿಕೆ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಿತು. ಕುಂಕುಮ ಬಿದ್ದಿರಬೇಕು ಅಂದುಕೊಂಡು ಒರೆಸಿದೆ, ಹರಡಿತು. ಆಮೇಲೆ ಬಗ್ಗಿ ನೋಡಿದರೆ ಬಲಗಾಲಿನ ಹೆಬ್ಬೆರಳಿನಲ್ಲಿ ಮುರಿದ ಮೆಷಿನ್ ಸೂಜಿಯ ತುಂಡೊಂದು ನೆಟ್ಟಗೆ ನಿಂತಿದೆ, ನಾನು ಅದೇ ಕಾಲಿನಿಂದ ಎಷ್ಟು ಹೊತ್ತಿನಿಂದಲೋ ಪೆಡಲ್ ಒತ್ತುತ್ತಾ ಕೂತಿದ್ದೇನೆ. ಒಂದಿಷ್ಟೂ ನೋವಿಲ್ಲ. ನೋವಾಗಿದ್ದರೆ ಅಯ್ಯೋ ಅಂದು ಸುಮ್ಮನಾಗುತ್ತಿದ್ದೆ. ನೋವಿಲ್ಲ ಅನ್ನುವುದಕ್ಕೇ ನನ್ನ ಜೀವ ಬಾಯಿಗೆ ಬಂತು.

ನಾವು ಕಲಬುರಗಿ ಕಡೆಯವರು. ನನ್ನ ಗಂಡನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಮೊದಲು ಕ್ವಾರ್ಟರ್ಸಿನಲ್ಲಿದ್ದೆವು, ಈಗ ಮಿಯಾಪುರದ ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಇದ್ದೇವೆ. ಕಿಟಕಿಯ ಪಕ್ಕ ನನ್ನ ಹೊಲಿಗೆ ಮೆಷಿನ್ನು. ಬಂದ ಹೊಸತರಲ್ಲಿ ಭಾಷೆ ಬಾರದೆ, ಗುರುತಿಲ್ಲದೆ ಒಳಗೇ ಕೂತಿದ್ದವಳಿಗೆ ಊರೆಲ್ಲ ಗುರುತಾದದ್ದು ಆ ಮೆಷಿನ್ನಿನಿಂದ. ಅದನ್ನು ಓಡಿಸುವುದು ನನ್ನ ಬಲಗಾಲು. ಆ ಕಾಲು ಹೋದರೆ ನಾನು ಏನು ಅಂತ ನನಗೇ ಗೊತ್ತಿರಲಿಲ್ಲ.

ಡಾಕ್ಟರಮ್ಮ ಕಾಲಿನ ಅಡಿಗೆ ಅಲ್ಲಲ್ಲಿ ಒತ್ತಿ, ಕಣ್ಣು ಮುಚ್ಚಿಸಿ, ಗೊತ್ತಾಗುತ್ತಾ, ಈಗ ಗೊತ್ತಾಗುತ್ತಾ ಅಂತ ಕೇಳಿದರು. ನಾಲ್ಕು ಕಡೆ ಗೊತ್ತಾಯಿತು, ಮೂರು ಕಡೆ ಇಲ್ಲ. ಸಕ್ಕರೆ ಕಾಯಿಲೆ ನರಕ್ಕೆ ಇಳಿದಿದೆ ಅಂದರು. ಮಾತ್ರೆ ಬರೆದುಕೊಟ್ಟು, ದಿನಾ ನಲವತ್ತು ನಿಮಿಷ ಒಳ್ಳೆಯ ಶೂ ಹಾಕಿಕೊಂಡು ಸಮತಟ್ಟು ನೆಲದ ಮೇಲೆ ನಡೆಯಬೇಕು, ಕಾಲಿನ ವ್ಯಾಯಾಮ ಮಾಡಬೇಕು, ಕಾಲಿಗೆ ಗಾಯ ಮಾಡಿಕೊಳ್ಳಬಾರದು ಅಂದರು. ಇಲ್ಲದಿದ್ದರೆ ಅಂತ ನಾನು ಕೇಳಿದೆ. ಅವರು ನನ್ನ ಬೆರಳನ್ನೇ ನೋಡಿದರು. ನನ್ನ ದೊಡ್ಡವ್ವನ ಮೂರು ಬೆರಳು ಹೀಗೇ ಹೋದದ್ದನ್ನು ನಾನು ಕಣ್ಣಾರೆ ಕಂಡವಳು, ಅವರು ಬಾಯಿಬಿಟ್ಟು ಹೇಳುವುದು ಬೇಕಾಗಿರಲಿಲ್ಲ.

ಆ ಡಾಕ್ಟರಮ್ಮನ ಮೇಲೆ ನನಗೆ ಇವತ್ತಿಗೂ ಗೌರವ. ನನ್ನನ್ನು ನೋಡಿದವರಲ್ಲಿ ಹೊಟ್ಟೆ ಬಿಟ್ಟು ಕಾಲಿನ ಬಗ್ಗೆ ಮಾತಾಡಿದವರು ಅವರೊಬ್ಬರೇ.

ನಾನು ದಪ್ಪ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಜನ ಅದನ್ನು ಎಷ್ಟು ಚಂದ ಚಂದ ಮಾಡಿ ಹೇಳುತ್ತಾರೆ ಅಂತೀರಿ! ನಮ್ಮ ಕಡೆಯವರು "ಮೈ ಕೈ ತುಂಬ್ಕೊಂಡೀರಿ" ಅನ್ನುತ್ತಾರೆ. ಶೇರ್ ಆಟೋದವನು "ಆಂಟೀ, ಆಪ್ ಬೀಚ್ ಮೇ ಬೈಠೋ, ಬ್ಯಾಲೆನ್ಸ್ ರಹತಾ" ಅನ್ನುತ್ತಾನೆ, ನಾನು ನಡುವೆ ಕೂತರೆ ಆಟೋ ವಾಲುವುದಿಲ್ಲವಂತೆ. ಮದುವೆ ಊಟದಲ್ಲಿ ನಾನು ಎರಡನೇ ಹೋಳಿಗೆಗೆ ಕೈ ಚಾಚಿದರೆ ಎದುರು ಸಾಲಿನವರು ಊಟ ನಿಲ್ಲಿಸಿ ನೋಡುತ್ತಾರೆ. ನಡೆಯುವುದಕ್ಕೆ ಪ್ಯಾಂಟು ಬೇಕು ಅಂತ ದಿಲ್‌ಸುಖ್‌ನಗರಕ್ಕೆ ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, "ಲೇಡೀಸ್ ಮೇ ನಹೀ ಆತಾ ಅಮ್ಮಾ, ಜೆಂಟ್ಸ್ ಮೇ ದೇಖೋ," ಹೆಂಗಸರದರಲ್ಲಿ ನಿಮ್ಮ ಅಳತೆ ಬರುವುದಿಲ್ಲ, ಗಂಡಸರದರಲ್ಲಿ ನೋಡಿ, ಅಂತ ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದ. ಮೈಯೆಲ್ಲ ಉರಿದುಹೋಯಿತು. ಹೊಲಿಯುವವಳು ನಾನು, ನನಗೆ ಇವನ ಪ್ಯಾಂಟು ಯಾಕೆ ಅಂತ ಬಟ್ಟೆ ಕೊಂಡು ಬಂದು ಒಂದೇ ಮಧ್ಯಾಹ್ನ ಎರಡು ಪ್ಯಾಂಟು ಹೊಲಿದುಕೊಂಡೆ. ಎರಡೂ ಕಪ್ಪು. ಕಪ್ಪಿನಲ್ಲಿ ಸಣ್ಣ ಕಾಣುತ್ತೇವೆ ಅಂತ ಎಲ್ಲರಿಗೂ ಹೇಳಿ ಹೇಳಿ ನನಗೂ ಅದು ರೂಢಿಯಾಗಿತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಅಳತೆ ಕೊಡಲು ಬಂದ ಹೆಂಗಸು ಟೇಪು ಸೊಂಟಕ್ಕೆ ಬಂದ ಕೂಡಲೇ ಉಸಿರು ಒಳಗೆಳೆದುಕೊಳ್ಳುತ್ತಾಳೆ. ತೆಳ್ಳಗಿನವರೂ ಅಷ್ಟೇ, ದಪ್ಪಗಿನವರೂ ಅಷ್ಟೇ. ಆಮೇಲೆ ಪುಸ್ತಕದಲ್ಲಿ ಇಣುಕಿ, "ಅಕ್ಕಾರ, ಎರಡ ಇಂಚ ಕಮ್ಮಿ ಬರೀರಿ, ನಾ ಸಣ್ಣಗಾಗಾಕತ್ತೀನಿ" ಅನ್ನುತ್ತಾಳೆ. ಹೇಳಿದ ಹಾಗೆ ಹೊಲಿದರೆ ತೋಳು ಹತ್ತುವುದಿಲ್ಲ, ಹುಕ್ಕು ಕೂಡುವುದಿಲ್ಲ, ಬೈಸಿಕೊಳ್ಳುವವಳು ನಾನು. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಅವರು ಹೇಳಿದ ಅಂಕಿಯನ್ನೇ ಬರೆದು ಪಕ್ಕದಲ್ಲಿ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದೆ. ಒಂದು ಚುಕ್ಕೆಗೆ ಒಂದು ಇಂಚು. ಕತ್ತರಿಸುವಾಗ ಅಂಕಿಗೆ ಚುಕ್ಕೆ ಕೂಡಿಸಿಕೊಂಡು ಕತ್ತರಿಸುವುದು. ರವಿಕೆ ಮೈಗೆ ಸರಿಯಾಗಿ ಕೂರುತ್ತಿತ್ತು, ಪುಸ್ತಕದಲ್ಲಿ ಅವರ ಮಾನವೂ ಉಳಿಯುತ್ತಿತ್ತು. ನಿಮ್ಮ ಕೈ ಭಾಳ ಚಲೋ ಅಕ್ಕಾರ ಅಂತ ಹೊಗಳಿಸಿಕೊಳ್ಳುತ್ತಿದ್ದೆ.

ನನ್ನ ಪುಟವೂ ಆ ಪುಸ್ತಕದಲ್ಲಿತ್ತು. ಎದೆ ಮೂವತ್ತೆಂಟು. ಅದು ಯಾವ ಕಾಲದ ಅಂಕಿಯೋ! ಅಂಕಿಯನ್ನು ಬದಲಿಸಲು ಮನಸ್ಸಾಗದೆ ವರ್ಷ ವರ್ಷ ಚುಕ್ಕೆ ಇಡುತ್ತಾ ಬಂದಿದ್ದೆ.

ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಮಕ್ಕಳ ಉಯ್ಯಾಲೆಯ ಸುತ್ತ ನಡೆಯುವ ಟ್ರ್ಯಾಕು ಇದೆ, ಪಕ್ಕದಲ್ಲಿ ನಾಲ್ಕೈದು ವ್ಯಾಯಾಮದ ಯಂತ್ರಗಳಿವೆ. ಮೊದಮೊದಲು ನಾನು ಇನ್ನೂ ಬೆಳಕಾಗದ ಹೊತ್ತಿಗೆ ಹೋಗಿ, ಜನ ಬರುವಷ್ಟರಲ್ಲಿ ಮನೆ ಸೇರುತ್ತಿದ್ದೆ. ಎರಡು ವಾರ ಹಾಗೆ ನಡೆದೆ. ಮೂರನೇ ವಾರ ಉಸಿರು ಸ್ವಲ್ಪ ಹಿಡಿತಕ್ಕೆ ಬಂತು, ಧೈರ್ಯವೂ ಬಂತು. ಬೆಳಕಾದ ಮೇಲೂ ಉಳಿದು, ನಿಂತುಕೊಂಡು ಸೊಂಟ ಆ ಕಡೆ ಈ ಕಡೆ ತಿರುಗಿಸುವ ದುಂಡನೆಯ ತಟ್ಟೆಯೊಂದಿದೆಯಲ್ಲ, ಅದರ ಮೇಲೆ ಹತ್ತಿದೆ. ಸುಳ್ಳು ಯಾಕೆ ಹೇಳಲಿ, ಭಾಳ ಖುಷಿಯಾಯಿತು. ಚಿಕ್ಕ ಹುಡುಗಿಯ ಹಾಗೆ ಗಿರಗಿರ ತಿರುಗಿದೆ.

ಅವತ್ತು ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನವರ ಫೋನಿನ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಹಿಂದಿನಿಂದ ತೆಗೆದದ್ದು. ಮುಖ ಕಾಣುವುದಿಲ್ಲ, ಆದರೆ ನಾನೇ ಅಂತ ಕುರುಡರೂ ಹೇಳಬಹುದು. ಕೆಳಗೆ ಬರೆದಿತ್ತು: ಈ ಮೆಷಿನ್ನಿಗೆ ಗ್ಯಾರಂಟಿ ಇದೆ ತಾನೆ? ಯಾರೋ ಬಾಡಿಗೆಯವರ ನಂಬರು, ಹೆಸರಿರಲಿಲ್ಲ. ಅದರ ಕೆಳಗೆ ಸಾಲಾಗಿ ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು. ಎಣಿಸಿದೆ, ಹತ್ತೊಂಬತ್ತು. ಅದರಲ್ಲಿ ಹನ್ನೊಂದು ನಾನು ರವಿಕೆ ಹೊಲಿದುಕೊಟ್ಟವರದು.

ಒಂದು ನಮ್ಮದೇ ಮಹಡಿಯ, ಎದುರು ಮನೆಯ ಹುಡುಗಿಯದು. ರಾಯಚೂರು ಕಡೆಯವಳು, ನನ್ನನ್ನು ಅಕ್ಕಾರ ಅಂತ ಬಾಯ್ತುಂಬ ಕರೆಯುವವಳು. ಅವಳು ಬಸುರಿಯಾದಾಗ ತವರಿನವರು ಬರುವುದು ತಡವಾಗುತ್ತದೆ ಅಂತ, ಕುಬಸದ ಕಾರ್ಯಕ್ಕೆ ಹಸಿರು ಖಣ ತಂದು ರವಿಕೆ ಹೊಲಿದು ಉಡಿ ತುಂಬಿದವಳು ನಾನು. ಉಳಿದ ಹದಿನೆಂಟು ಹಾಳಾಗಿ ಹೋಗಲಿ. ಆ ಒಂದು ಹಳದಿ ಮುಖ ನೋಡಿ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನದಿಂದ ಟ್ರ್ಯಾಕಿಗೆ ಹೋಗಲಿಲ್ಲ. ನಡೆಯುವುದಂತೂ ಬಿಡುವ ಹಾಗಿಲ್ಲ, ಯಾರೂ ಬಾರದ ಜಾಗ ಅಂದರೆ ಟೆರೇಸು. ಅಲ್ಲಿ ನೀರಿನ ಟ್ಯಾಂಕುಗಳ ನಡುವೆ ಪೈಪುಗಳು ಅಡ್ಡಾದಿಡ್ಡಿ ಹಾದುಹೋಗಿವೆ. ಅವನ್ನು ದಾಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದೆ. ಶೂ ಬೇರೆ ಹಾಕಿಕೊಳ್ಳಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಶೂ ನೋಡಿ ಎಲ್ಲಿಗೆ ಅಂತ ಕೇಳಿದರೆ ಅಂತ ಮನೆಯ ಚಪ್ಪಲಿಯಲ್ಲೇ ಹೋಗುತ್ತಿದ್ದೆ. ನೋಡಿ ನನ್ನ ಬುದ್ಧಿ!

ಹತ್ತು ಹನ್ನೆರಡು ದಿನ ಕಳೆದಿರಬೇಕು. ಟೆರೇಸಿನಿಂದ ಇಳಿದು ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಡ್ಯೂಟಿಗೆ ಹೊರಟಿದ್ದ ಗಂಡ ಬಾಗಿಲಲ್ಲಿ ನಿಂತವರು ಕಿರುಚಿದರು.

"ಏ, ನೆಲಾ ನೋಡ! ಏನಿದು ರಗತ?"

ಬಾಗಿಲಿನಿಂದ ಅಡುಗೆಮನೆಯವರೆಗೆ ಕೆಂಪು ಗುರುತು, ಒಂದು ಬಿಟ್ಟು ಒಂದು ಹೆಜ್ಜೆಗೆ. ಪೈಪಿನ ಕಬ್ಬಿಣದ ಪಟ್ಟಿಗೆ ಎಲ್ಲೋ ಎಡವಿದ್ದೆ. ಬೆರಳಿನ ಉಗುರು ಅರ್ಧ ಎದ್ದು ನಿಂತಿತ್ತು. ನಾನು ಹಿಟ್ಟಿನ ಕೈಯಲ್ಲಿ ಹಾಗೇ ನಿಂತಿದ್ದೆ, ಮತ್ತೆ ಒಂದಿಷ್ಟೂ ನೋವಿಲ್ಲ.

ಅವರು ನನ್ನನ್ನು ಕೂರಿಸಿ ಕಾಲು ತೊಳೆದು, ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದರು. ಕೆಲಸಕ್ಕೆ ರಜೆ ಹಾಕಿದರು. ಟೆರೇಸಿಗೆ ಯಾಕೆ ಹೋದೆ ಅಂತ ಬರುವ ದಾರಿಯಲ್ಲಿ ಕೇಳಿದರು. ಗ್ರೂಪನ್ನೆಲ್ಲ ಅವರು ನೋಡುವವರಲ್ಲ. ಆಟೋದಲ್ಲೇ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ತಟ್ಟಿ ಸಮ ಕುಂತಿಲ್ಲ ನೋಡು, ಎಡಕ್ಕ ವಾಲೈತಿ. ಬೋಲ್ಟ್ ಸಡ್ಲಾಗೈತಿ" ಅಂದರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ನಕ್ಕ ಮೇಲೆ ಸಿಟ್ಟು ಬಂತು, ಅದೂ ನನ್ನ ಮೇಲೆ. ಹತ್ತೊಂಬತ್ತು ಹಳದಿ ಮುಖಕ್ಕೆ ಹೆದರಿ ನಾನು ಕಾಲು ಕೊಡಲು ಹೊರಟಿದ್ದೆನಲ್ಲ!

ಗಾಯ ಒಣಗಲು ಮೂರು ವಾರ ಬೇಕಾಯಿತು. ಕಟ್ಟು ಬಿಚ್ಚಿದ ದಿನ ಸಂಜೆ, ಗಂಡ ಕೆಲಸದಿಂದ ಬಂದು ಚಹಾ ಕುಡಿದ ಮೇಲೆ ಅವರ ಕೈಗೆ ನನ್ನ ಟೇಪು ಕೊಟ್ಟೆ.

"ನನ್ನ ಅಳತಿ ತಗೀರಿ. ಖರೇ ಅಳತಿ."

ಬೆನ್ನಿನ ಹಿಂದೆ ಟೇಪು ಸಮ ಇದೆಯೋ ಇಲ್ಲವೋ ತಾನೇ ನೋಡಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರು ಬೇಕು. ಈ ಮನುಷ್ಯ ಕಾರ್ಖಾನೆಯಲ್ಲಿ ಮಾಡುವ ಕೆಲಸವೂ ಅದೇ: ತಯಾರಾಗಿ ಬಂದ ಭಾಗಗಳನ್ನು ಅಳೆದು, ಅಂಕಿ ಬರೆದು, ಸಹಿ ಹಾಕುವುದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವವರಲ್ಲ. ನಾನು ಅಭ್ಯಾಸಬಲದಿಂದ ಉಸಿರು ಒಳಗೆಳೆದುಕೊಂಡೆ.

"ಉಸರ ಬಿಡು," ಅಂದರು.

"ಬಿಟ್ಟೀನ್ರಿ."

"ಬಿಟ್ಟಿಲ್ಲ. ಬಿಡು, ಅಂದ್ರ ಬರೀತೀನಿ."

ಬಿಟ್ಟೆ. ಎದೆ ನಲವತ್ತಾರು, ಸೊಂಟ ನಲವತ್ತೇಳೂವರೆ ಅಂತ ಜೋರಾಗಿ ಓದಿದರು. ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಆ ಅಂಕಿಯನ್ನು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿರಲಿಲ್ಲ.

"ನಾಚಿಕಿ ಬರ್ತೈತ್ರಿ," ಅಂದೆ.

"ಅಳತಿಗೆ ಎಂಥಾ ನಾಚಿಕಿ? ನಮ್ಮಲ್ಲಿ ಎಷ್ಟ ಐತೋ ಅಷ್ಟ ಬರೀತೀವಿ. ಸುಳ್ಳ ಬರದ್ರ ನೌಕರಿ ಹೋಗ್ತೈತಿ," ಅಂದು ಪೆನ್ನು ಕೇಳಿದರು. ನನ್ನ ಪುಟದಲ್ಲಿ ಮೂವತ್ತೆಂಟು, ಪಕ್ಕದಲ್ಲಿ ಎಂಟು ಚುಕ್ಕೆ. ಅದನ್ನು ಅಡ್ಡ ಗೆರೆ ಎಳೆದು ಹೊಡೆದು, ಕೆಳಗೆ ತಮ್ಮ ಗುಂಡು ಅಕ್ಷರದಲ್ಲಿ ನಲವತ್ತಾರು ಅಂತ ಬರೆದರು. ರೂಢಿಯಂತೆ ಸಹಿಯನ್ನೂ ಹಾಕಿಬಿಟ್ಟರು.

ನಾನು ಆ ಪುಟದ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಕೆಳಗೆ ನನಗೆ ಬರುವ ತೆಲುಗಿನಲ್ಲಿ ಬರೆದೆ: ಹಿಂದಿನಿಂದ ತೆಗೆದ ಫೋಟೋದಲ್ಲಿ ಸರಿಯಾಗಿ ಗೊತ್ತಾಗಿರಲಿಕ್ಕಿಲ್ಲ, ನನ್ನ ಅಳತೆ ಇದು. ನಗುವವರು ಸರಿಯಾದ ಅಂಕಿ ಇಟ್ಟುಕೊಂಡು ನಗಿ. ನಾಳೆ ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಟ್ರ್ಯಾಕಿನಲ್ಲಿ ಇರುತ್ತೇನೆ, ಯಾರಿಗಾದರೂ ಫೋಟೋ ಬೇಕಿದ್ದರೆ ಮುಂದಿನಿಂದ ಬಂದು ತೆಗೆದುಕೊಳ್ಳಿ.

ಯಾರೂ ಹಳದಿ ಮುಖ ಹಾಕಲಿಲ್ಲ. ಆದರೆ ಅರ್ಧ ಗಂಟೆಯೊಳಗೆ ನನ್ನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಮೊದಲನೆಯವಳು ಮೂರನೇ ಮಹಡಿಯವಳು, ಗಾಬರಿಯಲ್ಲಿ ತೆಲುಗು ಹಿಂದಿ ಎಲ್ಲ ಕಲಸಿ ಮಾತಾಡುತ್ತಿದ್ದಳು. ನನ್ನ ಪುಟದಲ್ಲೂ ಚುಕ್ಕೆ ನೋಡಿದ್ದೆನಲ್ಲ ಅಕ್ಕಾ, ಅದು ಹೊಲಿಗೆಯ ನಮೂನೆ ಅಂದುಕೊಂಡಿದ್ದೆ, ದಯವಿಟ್ಟು ನನ್ನದು ಹಾಕಬೇಡಿ ಅಂದಳು. ನನಗೆ ಒಂದು ಕ್ಷಣ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಮೂವತ್ತೆಂಟಕ್ಕೆ ಎಂಟು ಚುಕ್ಕೆ ಕೂಡಿಸಿದರೆ ನಲವತ್ತಾರು, ಲೆಕ್ಕ ಎಲ್ಲರಿಗೂ ಬಂದಿತ್ತು. ದಿನಕ್ಕೊಬ್ಬರ ಪುಟ ಹಾಕುತ್ತೇನೆ ಅಂತ ತಾವೇ ಊಹಿಸಿಕೊಂಡು ಒಬ್ಬರ ಹಿಂದೆ ಒಬ್ಬರು ಫೋನು ಮಾಡಿದರು. ಒಬ್ಬಳು ಅತ್ತೇಬಿಟ್ಟಳು.

ದೇವರಾಣೆಗೂ ಅದು ನನ್ನ ತಲೆಯಲ್ಲಿ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ ನಾನು. ಹೇಳುವುದೂ ಇಲ್ಲ ಅಂತ ಎಲ್ಲರಿಗೂ ಹೇಳಿ ಸಮಾಧಾನ ಮಾಡಿದೆ. ಆದರೆ ಫೋನು ಇಟ್ಟ ಮೇಲೆ ಪುಸ್ತಕ ತೆರೆದು ಕೂತೆ. ಪುಟ ಪುಟಕ್ಕೂ ಚುಕ್ಕೆ. ನಗುವವರ ಸಾಲಿನಲ್ಲಿ ನಾನೂ ಒಬ್ಬಳೇ ಅನ್ನಿಸಿತು. ನಿನ್ನ ಮೈ ಇಷ್ಟಿದೆ, ಇರಲಿ ಬಿಡು ಅಂತ ಒಬ್ಬಳಿಗಾದರೂ ಹೇಳಿದ್ದೇನೆಯೇ? ಸಣ್ಣಗಾಗಿದ್ದೀರಿ ಬಿಡ್ರಿ ಅಂತ ಸುಳ್ಳು ಹೇಳಿ, ದಪ್ಪ ಅನ್ನುವುದು ಮುಚ್ಚಿಡಬೇಕಾದ ವಿಷಯ ಅಂತ ನಾನೇ ಚುಕ್ಕೆ ಇಟ್ಟು ಕಲಿಸಿದ್ದೆ. ಇನ್ನು ಮೇಲೆ ಚುಕ್ಕೆ ಇಡುವುದಿಲ್ಲ, ಖರೇ ಅಂಕಿ ಬೇಡ ಅನ್ನುವವರು ಬೇರೆ ಟೈಲರ್ ನೋಡಿಕೊಳ್ಳಲಿ ಅಂತ ತೀರ್ಮಾನ ಮಾಡಿದೆ.

ಬೆಳಿಗ್ಗೆ ಶೂ ಹಾಕಿಕೊಂಡು ಹೊರಬಂದರೆ ಲಿಫ್ಟಿನ ಮುಂದೆ ಎದುರು ಮನೆಯ ಹುಡುಗಿ ನಿಂತಿದ್ದಳು. ರಾತ್ರಿ ನಿದ್ದೆ ಮಾಡಿದ ಮುಖವಾಗಿರಲಿಲ್ಲ ಅದು.

"ಅಕ್ಕಾರ, ನನ್ನ ಪುಟದಾಗ ಎಷ್ಟ ಚುಕ್ಕಿ ಅದಾವ್ರಿ?"

"ನಾಕು."

"ಯವ್ವಾ!" ಅಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಆಮೇಲೆ ನೆಲ ನೋಡುತ್ತಾ, "ಅವತ್ತ ನಾ ನಗಲಿಲ್ಲಂದ್ರ ಎಲ್ಲಾರೂ ನನ್ನ ಕಡೆ ತಿರಗ್ತಾರ ಅನಸ್ತ್ರಿ. ಕೂಸು ಹುಟ್ಟಿದ ಮ್ಯಾಲ ನಾನೂ ಹಿಂಗ ಆಗೀನಲ್ರಿ. ಅದಕ್ಕ ಮೊದಲ ನಕ್ಕುಬಿಟ್ಟೆ," ಅಂದಳು.

ನನಗೆ ಪಾಪ ಅನ್ನಿಸಿತು. ಆದರೂ ಅಷ್ಟು ಸುಲಭಕ್ಕೆ ಬಿಡುವ ಮನಸ್ಸಾಗಲಿಲ್ಲ. ನೋವಾಗಿತ್ತು, ಆಗಿಲ್ಲ ಅನ್ನಲು ನಾನೇನು ದೊಡ್ಡ ಮನುಷ್ಯಳೇ?

"ಉಳದವರು ನಕ್ಕಿದ್ದು ಮೈಗೆ ಹತ್ತಲಿಲ್ಲ. ನೀ ನಕ್ಕಿದ್ದು ಹತ್ತೈತಿ. ಕ್ಷಮಾ ಗಿಮಾ ನನಗ ಇವತ್ತ ಆಗಂಗಿಲ್ಲ, ಆಮ್ಯಾಲ ನೋಡೋಣ. ಶೂ ಅದಾವಿಲ್ಲೋ?"

"ಅದಾವ್ರಿ."

"ಹಾಕ್ಕೊಂಡ ಬಾ, ಹೋಗು."

ಓಡಿಹೋಗಿ ಹಾಕಿಕೊಂಡು ಬಂದಳು. ಇಬ್ಬರೂ ನಡೆದೆವು. ಬೆಂಚುಗಳ ಮೇಲಿದ್ದವರು ನೋಡಿದರು, ನಾನೂ ಒಬ್ಬೊಬ್ಬರ ಮುಖ ನೋಡುತ್ತಲೇ ನಡೆದೆ. ಫೋಟೋ ತೆಗೆಯಲು ಯಾರೂ ಫೋನು ಎತ್ತಲಿಲ್ಲ. ಎರಡು ವಾರ ಹೀಗೇ ನಡೆಯಿತು. ಅಷ್ಟರಲ್ಲಿ ನಾನು ಗಿಳಿಹಸಿರು ಬಣ್ಣದ ಪ್ಯಾಂಟೊಂದು ಹೊಲಿದುಕೊಂಡಿದ್ದೆ. ಮೂರನೇ ಮಹಡಿಯವಳೂ ಇನ್ನಿಬ್ಬರೂ ಬರತೊಡಗಿದ್ದರು. ತಟ್ಟೆಯ ಬೋಲ್ಟನ್ನು ನನ್ನ ಗಂಡ ಒಂದು ಭಾನುವಾರ ಸ್ಪ್ಯಾನರ್ ತಂದು ಬಿಗಿ ಮಾಡಿದರು.

ಅದಾದ ಮೇಲೆ ಒಂದು ದಿನ ಅಪಾರ್ಟ್‌ಮೆಂಟ್ ಕಮಿಟಿಯ ಹಿರಿಯರೊಬ್ಬರು ನನ್ನ ದಾರಿಗೆ ಅಡ್ಡ ಬಂದು ನಿಂತರು. ಕೆಟ್ಟವರಲ್ಲ, ನಗುನಗುತ್ತಲೇ ಮಾತಾಡಿದರು. "ಅಮ್ಮಾ, ಮೀ ಕೋಸಮೇ ಚೆಪ್ತುನ್ನಾ," ನಿಮ್ಮ ಸಲುವಾಗಿಯೇ ಹೇಳುತ್ತಿದ್ದೇನೆ, ಅಂತ ತೆಲುಗಿನಲ್ಲಿ ಶುರು ಮಾಡಿದರು. ಬೆಳಿಗ್ಗೆ ಆರಕ್ಕೆ ಗಂಡಸರು, ಕಾಲೇಜು ಹುಡುಗರು ಎಲ್ಲ ಇರುತ್ತಾರೆ, ನೋಡುವವರು ನೋಡುತ್ತಾರೆ, ಸುಮ್ಮನೆ ನಿಮಗೆ ಮುಜುಗರ. ನಿಮ್ಮಂಥ ಹೆಂಗಸರಿಗೆ ಅಂತಲೇ ಬೆಳಗಿನ ಜಾವ ನಾಲ್ಕೂವರೆಗೆ ಗೇಟು ತೆಗೆಸುತ್ತೇವೆ, ಯಾರೂ ಇರುವುದಿಲ್ಲ, ಆರಾಮವಾಗಿ ನಡೆಯಬಹುದು. ಕಮಿಟಿಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ನಿಮ್ಮಂಥ ಅಂದರೆ ಎಂಥ ಅಂತ ಕೇಳುವ ಅಗತ್ಯ ಇರಲಿಲ್ಲ. ಆ ಕತ್ತಲೆಯಲ್ಲಿ, ಕಾಲಿಗೆ ಏನು ತಾಗಿದರೂ ಗೊತ್ತಾಗದ ನಾನು ನಡೆಯಬೇಕು! ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಸಿಟ್ಟು ಬಂದರೆ ಬಾಯಿಗೆ ಬರುವುದು ಕನ್ನಡವೊಂದೇ.

"ನನಗ ಇಲ್ಲೇ ಆರಾಮ ಐತ್ರೀ, ಇದ ಹೊತ್ತಿನಾಗ ಆರಾಮ ಐತಿ. ನನ್ನ ನೋಡಿ ಯಾರಿಗೆ ಮುಜುಗರ ಆಗ್ತೈತೋ ಅವರು ನಾಕೂವರಿಗೆ ಬರ್ಲಿ. ಕತ್ಲಿ ಇರ್ತೈತಿ, ನಾ ಕಾಣಂಗಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಪಕ್ಕದಲ್ಲಿದ್ದ ಹುಡುಗಿಯ ಕಡೆ ತಿರುಗಿ, ಏನನ್ನುತ್ತಿದ್ದಾರೆ ಅಂತ ಕೇಳಿದರು. ಯಾರ ಮನಸ್ಸಿಗೂ ಬೇಸರವಾಗದ ಹಾಗೆ ಮಾತು ತಿರುಗಿಸುವುದರಲ್ಲಿ ಗಟ್ಟಿಗಿತ್ತಿ ಅವಳು. ಅಕ್ಕ ಯೋಚನೆ ಮಾಡಿ ಹೇಳುತ್ತಾರಂತೆ ಅಂದಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅವಳ ಮುಖವನ್ನೇ ನೋಡಿದೆ. ಅವಳು ಒಂದು ಸಲ ಸುತ್ತಲಿದ್ದವರನ್ನು ನೋಡಿದಳು. ಆಮೇಲೆ ಒಂದಕ್ಷರ ಬಿಡದೆ, ಒಂದಕ್ಷರ ಮೆತ್ತಗೆ ಮಾಡದೆ, ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ನಾನು ಹೇಳಿದ್ದನ್ನೆಲ್ಲ ತೆಲುಗಿನಲ್ಲಿ ಹೇಳಿದಳು.